ಚಿರತೆ ಇಲ್ಲ ಎನ್ನುವ ಮೊದಲು ಕ್ಯಾಮೆರಾ ಕೆಳಗಿಳಿಸಿ

ಮಾನ್ಯ ಸಂಪಾದಕರೇ,

ಮಲೆನಾಡಿನಲ್ಲಿ ತೋಟದ ನಾಯಿ ಕಾಣೆಯಾದರೆ ಈಗ ಟ್ರೇಲ್ ಕ್ಯಾಮೆರಾ, ಅಂದರೆ ಪ್ರಾಣಿ ಹಾದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ, ತರಿಸಿ ಮರಕ್ಕೆ ಕಟ್ಟುವವರಿದ್ದಾರೆ. ಒಳ್ಳೆಯದೇ. ಆದರೆ ಸಿಸಿಟಿವಿಯ ಹಾಗೆ ಆಳೆತ್ತರಕ್ಕೆ ಬಿಗಿದು, ವಾರದ ಮೇಲೆ ಅದರ ಮೆಮೊರಿ ಕಾರ್ಡ್ ನೋಡಿ, ‘ಚಿರತೆ ಇಲ್ಲ ಬಿಡಿ’ ಎಂದುಬಿಟ್ಟರೆ ಹೇಗೆ? ಈ ಕ್ಯಾಮೆರಾ ಸದಾ ಕಣ್ಣು ತೆರೆದಿರುವುದಿಲ್ಲ. ಸುತ್ತಲಿನ ಬಿಸಿಗಿಂತ ಬೇರೆ ಬಿಸಿಯ ಮೈಯೊಂದು ಹಾದಾಗ ಮಾತ್ರ ಬಿಸಿಯ ಚಲನೆ ಗುರುತಿಸುವ ಪಿಐಆರ್ ಸೆನ್ಸರ್ ಕ್ಯಾಮೆರಾವನ್ನು ಎಬ್ಬಿಸುತ್ತದೆ. ಎತ್ತರಕ್ಕೆ ಕಟ್ಟಿದರೆ ಚಿರತೆ ಆ ನೋಟದ ಕೆಳಗೇ ನುಸುಳಿ ಹೋದೀತು.

ಚಿರತೆಗೆ ಮಂಡಿಯೆತ್ತರ, ಅಂದರೆ ನೆಲದಿಂದ 40–50 ಸೆಂ.ಮೀ. ಸಾಕು. ಕಾಲುದಾರಿಗೂ ಕ್ಯಾಮೆರಾಕ್ಕೂ ಮೂರ್ನಾಲ್ಕು ಮೀಟರ್ ಅಂತರವಿರಲಿ. ತೀರ ಹತ್ತಿರವಾದರೆ ರಾತ್ರಿ ಫ್ಲ್ಯಾಶ್‌ಗೆ ಮೈಯೆಲ್ಲ ಬೆಳ್ಳಗಾಗಿ ಚುಕ್ಕೆಯೇ ಕಾಣದು. ದಾರಿಗೆ ನೇರ ಎದುರಾಗಿಟ್ಟರೆ ಸೆನ್ಸರ್ ಏಳುವುದು ತಡ, ಪೂರ್ತಿ ಅಡ್ಡಕ್ಕಿಟ್ಟರೆ ಬರೀ ಬಾಲ ಸಿಕ್ಕೀತು. ಸುಮಾರು 45 ಡಿಗ್ರಿ ಓರೆ ಒಳ್ಳೆಯದು. ಬಂದದ್ದು ಅದೇ ಚಿರತೆಯೋ ಬೇರೆಯೋ ಎಂದು ತಿಳಿಯಬೇಕಿದ್ದರೆ ಲೆಕ್ಕ ಬೇರೆ. ಎಡಮೈಯ ಚುಕ್ಕೆ ಬಲಮೈಗೆ ಹೊಂದುವುದಿಲ್ಲ. ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಬೇಕು, ಒಂದರ ಫ್ಲ್ಯಾಶ್ ಇನ್ನೊಂದಕ್ಕೆ ಹೊಡೆಯದಂತೆ ತುಸು ಹಿಂದುಮುಂದಾಗಿ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಹುಲಿಗಳನ್ನು ಬೇರೆ ಬೇರೆಯಾಗಿ ಗುರುತಿಸಿದ್ದು ಕಾಡಿನಲ್ಲಿಟ್ಟ ಸ್ವಯಂಚಾಲಿತ ಕ್ಯಾಮೆರಾಗಳ (ಕ್ಯಾಮೆರಾ ಟ್ರ್ಯಾಪ್) ಚಿತ್ರದಲ್ಲಿ ಪಟ್ಟೆ ನೋಡಿಯೇ.

ಎಳೆಯ ಸಿಲ್ವರ್ ಓಕ್‌ಗೆ ಕಟ್ಟಬೇಡಿ, ಗಾಳಿಗೆ ತೂಗುತ್ತದೆ. ಮೆಣಸಿನ ಬಳ್ಳಿ ಹಬ್ಬಿದ ಮರವೂ ಬೇಡ: ಬಿಸಿಲಿಗೆ ಕಾದ ಒಂದೆಲೆ ಲೆನ್ಸ್ ಮುಂದೆ ಆಡಿದರೂ ಕಾರ್ಡ್ ತುಂಬ ಖಾಲಿ ಚಿತ್ರ. ಎದುರಿನ ಹುಲ್ಲು, ಚಿಗುರು ಸವರಿ. ಪೂರ್ವ, ಪಶ್ಚಿಮಕ್ಕೆ ಮುಖ ಮಾಡಿಸಿದರೆ ಬೆಳಗು ಬೈಗು ಸೂರ್ಯನದೇ ಚಿತ್ರ, ಉತ್ತರ ಲೇಸು. ಬೆಲ್ಟ್ ಬಿಗಿದ ಮೇಲೆ ಕ್ಯಾಮೆರಾದ ಬೆನ್ನಿಗೆ ಬೆರಳು ದಪ್ಪದ ಕಡ್ಡಿ ತುರುಕಿ: ಮೇಲ್ತುದಿಗೆ ಕೊಟ್ಟರೆ ಮುಖ ಬಾಗುತ್ತದೆ, ಕೆಳತುದಿಗೆ ಕೊಟ್ಟರೆ ಏಳುತ್ತದೆ.

ಆಮೇಲೆ ನಾಚಿಕೆ ಬಿಟ್ಟು ಅಂಬೆಗಾಲಿಡಿ. ಸ್ವಿಚ್ ‘ಟೆಸ್ಟ್’ಗೆ ತಂದು, ಚಿರತೆ ಬರಬಹುದಾದ ಕಡೆಯಿಂದ ಕೈಕಾಲೂರಿ ಹಾದುಹೋಗಿ. ಸೆನ್ಸರ್ ಹಿಡಿದಾಗ ಮುಂಭಾಗದ ಪುಟ್ಟ ದೀಪ ಮಿನುಗುತ್ತದೆ. ದಾರಿಯ ನಡುವೆ ಮಿನುಗದಿದ್ದರೆ ಕಡ್ಡಿಯ ಜಾಗ ಬದಲಿಸಿ. ನೆಟ್ಟಗೆ ನಡೆದು ಪರೀಕ್ಷಿಸಿದರೆ ಸೆನ್ಸರ್‌ಗೆ ನಿಮ್ಮ ಎದೆ ಸಿಕ್ಕೀತು, ಚಿರತೆಯ ಬೆನ್ನೆತ್ತರವಲ್ಲ.

ಹಳೆಯ ಸೆಲ್ ಜೊತೆ ಹೊಸದನ್ನು ಬೆರೆಸಬೇಡಿ; ಹಗಲು ಚಿತ್ರ ಬಂದು ರಾತ್ರಿಯದು ಕಪ್ಪಾಗಿದ್ದರೆ ಮೊದಲ ಅನುಮಾನ ಸೆಲ್ ಮೇಲಿರಲಿ. ಮುಚ್ಚಳದ ರಬ್ಬರ್ ಅಂಚಿನಲ್ಲಿ ಮಣ್ಣಿನ ಕಣವೊಂದು ಕೂತರೂ ಮುಂಗಾರಿನ ನೀರು ಒಳಗಿಳಿಯುತ್ತದೆ. ಒರೆಸಿ, ಒಳಗೊಂದು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವಿಟ್ಟು ಮುಚ್ಚಿ. ಇರುವೆಗಳೂ ಅಲ್ಲಿ ಸಂಸಾರ ಹೂಡುತ್ತವೆ, ಹದಿನೈದು ದಿನಕ್ಕೊಮ್ಮೆ ನೋಡುತ್ತಿರಿ.

ಬೇಲಿ ದಾಟಿ ಕಾಡಿನೊಳಗೆ ಕಟ್ಟುವಂತಿಲ್ಲ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ತೋಟದ ಒಳಗೂ, ಕೆಲಸದ ಹೆಂಗಸರು ಹೊಳೆಗೆ, ಬಯಲಿಗೆ ಹೋಗುವ ದಾರಿಗೆ ಮುಖ ಮಾಡಿಸಬೇಡಿ. ಎಲ್ಲಿ ಕಟ್ಟಿದೆ ಎಂದು ಅವರಿಗೆ ಮೊದಲೇ ಹೇಳಿ.

ಸೆಲ್ ಬದಲಿಸಿದಾಗ ಕೆಲವು ಮಾದರಿಗಳ ಗಡಿಯಾರ ಕಾರ್ಖಾನೆಯಲ್ಲಿಟ್ಟ ಮೊದಲ ದಿನಾಂಕಕ್ಕೇ ಮರಳುತ್ತದೆ. ಮಧ್ಯಾಹ್ನದ 12, ರಾತ್ರಿಯ 12 ಅದಲುಬದಲಾಗುವುದೂ ಉಂಟು. ದಿನಾಂಕ, ಸಮಯ ಸರಿಪಡಿಸಿಯೇ ಮರದ ಬಳಿಯಿಂದ ಹೊರಡಿ. ಚಿರತೆ ಸಿಕ್ಕಿದರೆ ವಾಟ್ಸ್ಆ್ಯಪ್‌ನಲ್ಲಿ ಕುಗ್ಗಿದ ಚಿತ್ರವನ್ನಲ್ಲ, ಕಾರ್ಡ್‌ನಲ್ಲಿರುವ ಮೂಲ ಫೈಲನ್ನೇ ವಲಯ ಅರಣ್ಯಾಧಿಕಾರಿಯವರಿಗೆ ಕೊಡಿ.

– ಒಬ್ಬ ಕಾಫಿ ಬೆಳೆಗಾರ, ಮೂಡಿಗೆರೆ