ಪೆಟ್ ಸ್ಕ್ಯಾನ್ ಇರಲಿ, ಮೊದಲು ಅಯೋಡಿನ್ ಬಾಟಲಿ ಕೊಡಿ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೂವತ್ತು ದಾಟಿದವರಿಗೆ ಬಿಪಿ, ಶುಗರ್ ನೋಡುತ್ತಾರೆ. ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಕೇಳಿದರೆ ಮಾತ್ರ "ಅದಕ್ಕೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಮೇಡಂ" ಅನ್ನುತ್ತಾರೆ. ಹಾಗಂತ ಅದಕ್ಕೆ ಬೇಕಾದ ಸಾಮಾನೇನೂ ದುಬಾರಿಯಲ್ಲ.

ಈ ಕ್ಯಾನ್ಸರ್ ಬಹುತೇಕ ಬರುವುದು ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಎಂಬ ವೈರಸ್‌ನಿಂದ. ಅದರ 16ನೇ ಬಗೆಯನ್ನು 1983ರಲ್ಲಿ ಗುರುತಿಸಿದ್ದು ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ತಂಡ. ಅವರಿಗೆ 2008ರಲ್ಲಿ ನೊಬೆಲ್ ಬಂತು. ಬೆರಳೆಣಿಕೆಯ ಜೀನ್‌ಗಳಿರುವ ಈ ವೈರಸ್‌ಗೆ ಸ್ವಂತ ಅಡುಗೆಮನೆಯೇ ಇಲ್ಲ. ನಮ್ಮ ಜೀವಕೋಶದ ಒಲೆಯನ್ನೇ ತನಗೆ ಬೇಕಾದಂತೆ ಉರಿಸಿಕೊಳ್ಳುತ್ತದೆ.

ಅದರ ಇ6 ಎಂಬ ಪ್ರೋಟೀನು ನಮ್ಮ ಕೋಶದ ಕಾವಲುಗಾರ ಪ್ರೋಟೀನು ಪಿ53 ಅನ್ನು ನಾಶ ಮಾಡಿಸುತ್ತದೆ. ಕೋಶ ಸುಮ್ನೆ ಒಡೆದು ಹೆಚ್ಚದಂತೆ ಪಿ53 ತಡೆಯುವುದಷ್ಟೇ ಅಲ್ಲ, ಗ್ಲೂಕೋಸ್ ಬಳಕೆಗೂ ಕಡಿವಾಣ ಹಾಕುತ್ತದೆ. ವೈರಸ್‌ನ ಇನ್ನೊಂದು ಪ್ರೋಟೀನು ಇ7, ನಮ್ಮ ಇನ್ನೊಂದು ಕಾವಲುಗಾರ ಪ್ರೋಟೀನು ಆರ್‌ಬಿಯನ್ನು ಕಟ್ಟಿಹಾಕುತ್ತದೆ. ಜೊತೆಗೆ ಗ್ಲೂಕೋಸ್ ಒಡೆಯುವ ಕೊನೆಯ ಹಂತದ ಪೈರುವೇಟ್ ಕೈನೇಸ್ ಎಂಬ ಕಿಣ್ವವನ್ನೂ ಹಿಡಿದುಕೊಂಡು ಅದರ ವೇಗ ತಗ್ಗಿಸುತ್ತದೆ. ಆಗ ಗ್ಲೂಕೋಸಿನ ಒಂದಷ್ಟು ಭಾಗ ಶಕ್ತಿಯಾಗುವ ಬದಲು ಹೊಸ ಡಿಎನ್ಎ, ಹೊಸ ಕೊಬ್ಬು ಕಟ್ಟಲು ಹೋಗುತ್ತದೆ. ಕೋಶ ಜಾಸ್ತಿ ಗ್ಲೂಕೋಸ್ ಎಳೆದುಕೊಂಡು, ಆಮ್ಲಜನಕ ಇದ್ದರೂ ಆ ಗ್ಲೂಕೋಸಿನ ಬಹುಪಾಲನ್ನು ಲ್ಯಾಕ್ಟಿಕ್ ಆಮ್ಲ ಮಾಡಿ ಹೊರಹಾಕುತ್ತದೆ. ಕ್ಯಾನ್ಸರ್ ಕೋಶಗಳ ಈ ಚಾಳಿಯನ್ನು 1920ರ ದಶಕದಲ್ಲೇ ಕಂಡವರು ಒಟ್ಟೊ ವಾರ್ಬರ್ಗ್. (ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಸಾಯುತ್ತೆ ಅಂತ ವಾಟ್ಸಾಪ್‌ನಲ್ಲಿ ಬರುತ್ತಲ್ಲ, ಅದನ್ನು ನಂಬಬೇಡಿ.)

ದೊಡ್ಡಾಸ್ಪತ್ರೆಯ ಪೆಟ್ ಸ್ಕ್ಯಾನ್ ಹಿಡಿಯುವುದೂ ಈ ಗ್ಲೂಕೋಸ್ ಹಸಿವನ್ನೇ. ಆದರೆ ಅಲ್ಲಿಗೆ ಹೋಗುವ ಹೊತ್ತಿಗೆ ಗೆಡ್ಡೆ ಬೆಳೆದಿರುತ್ತದೆ. ವರ್ಷಗಳ ಮೊದಲೇ ಬೇರೊಂದು ಸುಳಿವು ಸಿಗುತ್ತದೆ. ಗರ್ಭಕಂಠದ ಹೊರಭಾಗದ ಬಲಿತ ಕೋಶಗಳು ಗ್ಲೂಕೋಸನ್ನು ಗ್ಲೈಕೋಜನ್ ಮಾಡಿ ಕೂಡಿಟ್ಟಿರುತ್ತವೆ. ಅಯೋಡಿನ್ ಹಚ್ಚಿದರೆ ಅವು ಕಂದು ಬಣ್ಣಕ್ಕೆ ತಿರುಗುತ್ತವೆ. ವೈರಸ್ ಕೆಡಿಸಿದ ಕೋಶಗಳು ಬಲಿಯುವುದೇ ಇಲ್ಲ, ಕೂಡಿಡುವುದೂ ಇಲ್ಲ. ಅವು ಸಾಸಿವೆಯಂಥ ಹಳದಿಯಾಗಿ ಉಳಿಯುತ್ತವೆ. ಇದು ವಿಯೆನ್ನಾದ ಡಾಕ್ಟರ್ ವಾಲ್ಟರ್ ಶಿಲ್ಲರ್ 1930ರ ಹೊತ್ತಿಗೇ ತೋರಿಸಿಕೊಟ್ಟ ಪರೀಕ್ಷೆ. ಮೈಕ್ರೋಸ್ಕೋಪು ಬೇಡ, ಒಳ್ಳೆಯ ಬೆಳಕು ಸಾಕು.

ಹಳದಿ ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ, ನಿಜ. ಉರಿಯೂತ ಇದ್ದರೂ, ಮುಟ್ಟು ನಿಂತಮೇಲೂ ಹಾಗೆ ಕಾಣಬಹುದು. ಎಚ್‌ಪಿವಿ ಡಿಎನ್ಎ ಪರೀಕ್ಷೆ ಇದಕ್ಕಿಂತ ಒಳ್ಳೆಯದು. ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ ಅದನ್ನು ಒಂದೇ ಸಲ ಮಾಡಿದ್ದಕ್ಕೆ ಈ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. ಅದು ಎಲ್ಲ ಕಡೆ ಬರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ ಅಲ್ವಾ? ಮುಂಬೈಯಲ್ಲಿ ಹತ್ತನೇ ತರಗತಿ ಓದಿದ ಕಾರ್ಯಕರ್ತೆಯರು ತರಬೇತಿ ಪಡೆದು, ಬರೀ ಅಸಿಟಿಕ್ ಆಮ್ಲ (ವಿನೆಗರ್‌ನಲ್ಲಿರುವ ಹುಳಿ) ಹಚ್ಚಿ, ಬೆಳ್ಳಗಾಗುವ ಭಾಗ ಇದೆಯೇ ಎಂದು ನೋಡಿಯೇ ಸಾವನ್ನು 31% ತಗ್ಗಿಸಿದರು.

ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಈ ತಪಾಸಣೆ ಆಗಬೇಕು. ಆದರೆ 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30–49 ವಯಸ್ಸಿನವರಲ್ಲಿ ಒಮ್ಮೆಯಾದರೂ ಮಾಡಿಸಿಕೊಂಡವರು ದೇಶದಲ್ಲಿ 100ಕ್ಕೆ ಇಬ್ಬರೂ ಇಲ್ಲ. ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಬೇಕೇ ಬೇಕು. ಆದರೆ ನಲವತ್ತು ದಾಟಿದ ಅವರ ಅಮ್ಮಂದಿರಿಗೆ ತಪಾಸಣೆಯೇ ದಾರಿ.

ನನ್ನ ಕೋರಿಕೆ ಇಷ್ಟು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ನಿಗದಿತ ದಿನ ಇರಲಿ. ತರಬೇತಿ ಪಡೆದ ನರ್ಸ್, ಚಿಲಕವಿರುವ ಬಾಗಿಲು, ಪರದೆ, ಟಾರ್ಚು, ಅಸಿಟಿಕ್ ಆಮ್ಲ, ಅಯೋಡಿನ್ ಇಷ್ಟಿದ್ದರೆ ಕೆಲಸ ಶುರುವಾಗುತ್ತದೆ. ಅನುಮಾನ ಬಂದವರಿಗೆ ಮುಂದಿನ ಪರೀಕ್ಷೆ, ಚಿಕಿತ್ಸೆ ತಾಲ್ಲೂಕಿನಲ್ಲೇ ಸಿಗಲಿ. ಎಷ್ಟು ಜನರನ್ನು ನೋಡಿದರು, ಎಷ್ಟು ಜನರಿಗೆ ಚಿಕಿತ್ಸೆ ಆಯಿತು ಅನ್ನುವುದನ್ನು ತಿಂಗಳು ತಿಂಗಳು ಪ್ರಕಟಿಸಿ. ಉತ್ತರವನ್ನು ನನಗೆ ಬರೆಯದಿದ್ದರೂ ಪರವಾಗಿಲ್ಲ, ಆದೇಶವನ್ನು ಪಿಎಚ್‌ಸಿಗಳಿಗೆ ಕಳಿಸಿ.

ಇಂತಿ,
ಒಬ್ಬ ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ