ಮೀಟರ್ ಸ್ಮಾರ್ಟ್ ಆದರೆ ಸಾಕೇ, ಫೋನ್ ಎತ್ತುವವರು ಬೇಡವೇ?

ಮಾನ್ಯ ಸಂಪಾದಕರೇ,

ಕರೆಂಟಿನ ಜಾಲವನ್ನು ಮೀಟರು, ಕಂಪ್ಯೂಟರುಗಳಿಂದ ಗಮನಿಸುತ್ತಾ ನಡೆಸುವ ವ್ಯವಸ್ಥೆಗೆ ಸ್ಮಾರ್ಟ್ ಗ್ರಿಡ್ ಅನ್ನುತ್ತಾರೆ. ಅದರ ಸಂಶೋಧಕರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿಯನ್ನು ನಿನ್ನೆ ಬೆಳಿಗ್ಗೆ ಪೂರ್ತಿ ಓದಿದೆ. ಅದೇ ಸಂಜೆ ದಾವಣಗೆರೆಯ ನಮ್ಮ ನಿಟುವಳ್ಳಿಯಲ್ಲಿ ಏನಾಯ್ತು ಅಂತ ಇಲ್ಲಿನ ಜನಕ್ಕೆಲ್ಲ ಗೊತ್ತು. ಮಳೆ ಇಲ್ಲ, ಗಾಳಿ ಇಲ್ಲ, ಸುಮ್ನೆ ಮೂರು ಫೇಸಿನ ಲೈನಿನಲ್ಲಿ ಒಂದು ಫೇಸ್ ಹೋಯಿತು. ನನ್ನದು ಸಣ್ಣ ಹಿಟ್ಟಿನ ಗಿರಣಿ. ಒಂದು ಫೇಸ್ ಇಲ್ಲದೆ ಮೋಟರ್ ಓಡಿದರೆ ಉಳಿದೆರಡರ ಮೇಲೆ ಭಾರ ಬಿದ್ದು ಒಳಗಿನ ತಂತಿ ಸುರುಳಿ (ವೈಂಡಿಂಗ್) ಸುಡುತ್ತದೆ. ಹಾಗಾದಾಗ ಮೋಟರ್ ನಿಲ್ಲಿಸಲು ಪ್ರಿವೆಂಟರ್ ಹಾಕಿಸಿದ್ದೆ, ಅದೂ ಕಾಪಾಡಲಿಲ್ಲ. ಜೋಳ, ಗೋಧಿ, ರಾಗಿ ಡಬ್ಬಗಳು ಸಾಲಾಗಿ ಹಾಗೇ ಕೂತಿವೆ. ರಾತ್ರಿ ರೊಟ್ಟಿಗೆ ಹಿಟ್ಟಿಲ್ಲ ಅಂತ ಹೆಂಗಸರು ಬೈದಿದ್ದು ನನ್ನನ್ನು.

ಸ್ವಲ್ಪ ಹೊತ್ತಿಗೆ ಉಳಿದ ಕರೆಂಟೂ ಹೋಯಿತು. ನಿನ್ನೆಯೇ ನಲ್ಲಿ ನೀರು ಬಿಡುವ ದಿನ. ನೀರು ಬಂತು, ಆದರೆ ಮೇಲಿನ ಟ್ಯಾಂಕಿಗೆ ಏರಿಸಲು ಮೋಟರ್ ಇಲ್ಲ. ಮನೆಯವರೆಲ್ಲ ಕೊಡ ಹಿಡಿದು ಮೆಟ್ಟಿಲು ಹತ್ತಿದೆವು. ಮಗಳಿಗೆ ಪರೀಕ್ಷೆ ಬೇರೆ. ಇನ್‌ವರ್ಟರ್ ರಾತ್ರಿಯೇ ಕೈಕೊಟ್ಟಿತು. ಸೊಳ್ಳೆ ಕಾಟದಲ್ಲಿ ಯಾರಿಗೂ ನಿದ್ದೆಯಿಲ್ಲ.

ನಮ್ಮ ಭಾಗದ ವಿದ್ಯುತ್ ಕಚೇರಿಗೆ ಫೋನ್ ಮಾಡಿದರೆ ರಿಂಗಾಗುತ್ತದೆ, ಎತ್ತುವುದಿಲ್ಲ. ಆಮೇಲೆ ಬರೀ ಎಂಗೇಜ್. ಕೊನೆಗೂ ಎತ್ತಿದವರು ಹೇಳಿದ್ದೇನು ಗೊತ್ತೇ? "ಯಾವ ಟಿ.ಸಿ. ಅಂತ ನೋಡ್ಕೊಂಡು ಬಂದು ಹೇಳಿ." ಟಿ.ಸಿ. ಅಂದರೆ ಬೀದಿಯ ಟ್ರಾನ್ಸ್‌ಫಾರ್ಮರ್. ಕತ್ತಲಲ್ಲಿ ಬ್ಯಾಟರಿ ಹಿಡಿದು ಅದರ ನಂಬರ್ ಓದುವುದು ನನ್ನ ಕೆಲಸವೇ?

ಸ್ಮಾರ್ಟ್ ಮೀಟರ್ ವ್ಯವಸ್ಥೆಯಲ್ಲಿ ಇದಕ್ಕೆ ದಾರಿ ಇದೆ. ಕರೆಂಟು ಹೋದ ಗಳಿಗೆಯಲ್ಲಿ ಮೀಟರ್ ತನ್ನೊಳಗೆ ಉಳಿದ ಚೂರು ಶಕ್ತಿಯಲ್ಲೇ ಕೊನೆಯ ಸಂದೇಶ ಕಳಿಸಬಲ್ಲದು. ಯಾವ ಬೀದಿ, ಯಾವ ಟಿ.ಸಿ. ಅಂತ ಕಚೇರಿಗೆ ಕೂತಲ್ಲೇ ಗೊತ್ತಾಗುತ್ತದೆ. ಮೈಸೂರಿನ ವಿ.ವಿ. ಮೊಹಲ್ಲಾದಲ್ಲಿ 20 ಸಾವಿರಕ್ಕೂ ಹೆಚ್ಚು ಗ್ರಾಹಕರನ್ನು ಸೇರಿಸಿ ಸ್ಮಾರ್ಟ್ ಗ್ರಿಡ್ ಪ್ರಯೋಗ ಮಾಡಿ ಎಷ್ಟೋ ವರ್ಷವಾಯಿತು. 2015ರಲ್ಲೇ ಕೇಂದ್ರ ಸರ್ಕಾರ ರಾಷ್ಟ್ರೀಯ ಸ್ಮಾರ್ಟ್ ಗ್ರಿಡ್ ಮಿಷನ್ ಶುರು ಮಾಡಿತು. ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲೇ, 2016ರಲ್ಲಿ, ನಮ್ಮ ದಾವಣಗೆರೆ ಹೆಸರೂ ಬಂದಿತ್ತು, ಅಲ್ವಾ? ನಮ್ಮ ಬೀದಿಗೆ ಯಾವಾಗ?

ಸಂಶೋಧಕರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೆಲಸ ನಮಗೆ ಬೇಕೇ ಬೇಕು. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವಾಟ್‌ನದು. ಪಕ್ಕದ ಚಿತ್ರದುರ್ಗದ ಗುಡ್ಡಗಳ ತುಂಬ ಗಾಳಿಯಂತ್ರಗಳಿವೆ. ಬಿಸಿಲಿನ ಕರೆಂಟು ಹಗಲಲ್ಲಿ ಬರುತ್ತದೆ, ಮನೆಮನೆಯ ಬಳಕೆ ಜಾಸ್ತಿಯಾಗುವುದು ಸಂಜೆ. ಈ ಎರಡನ್ನೂ ಹೊಂದಿಸುವುದೇ ಅವರ ವಿದ್ಯೆ. ಮಧ್ಯಾಹ್ನ ಕರೆಂಟು ಜಾಸ್ತಿ ಇದೆ, ದರ ಕಡಿಮೆ, ಆಗ ಗಿರಣಿ ಓಡಿಸಿ ಅಂತ ಮೊದಲೇ ಮೊಬೈಲಿಗೆ ತಿಳಿಸಲಿ, ಸಂತೋಷದಿಂದ ಓಡಿಸುತ್ತೇನೆ. ಸಂಜೆ ಬಂದ್ ಮಾಡುತ್ತೇನೆ. ಇಲ್ಲಿಯವರೆಗೆ ಒಬ್ಬರೂ ನಮ್ಮನ್ನು ಕೇಳಿಲ್ಲ. ಮೊಬೈಲಿಗೆ ಬರುವುದು ಬಿಲ್ ಮಾತ್ರ. ಕಟ್ಟಲು ತಡವಾದರೆ ಫ್ಯೂಸ್ ಕೀಳಲು ಜನ ಸರಿಯಾಗಿ ಬರುತ್ತಾರೆ, ಹಾಕಲು ಮಾತ್ರ ಸಿಬ್ಬಂದಿ ಕಡಿಮೆ!

ಇನ್ನೊಂದು ಮಾತು. ಶಾಲೆ ಹತ್ತಿರದ ಕಂಬ ವಾಲಿ ಯಾವ ಕಾಲವಾಯಿತು! ಅರ್ಜಿ ಕೊಟ್ಟರೆ "ಎಸ್ಟಿಮೇಟ್ ಆಗಬೇಕು" ಅನ್ನುತ್ತಾರೆ. ಸಾಹೇಬರು ವರ್ಗ ಆಗುತ್ತಾರೆ, ಹೊಸ ಸಾಹೇಬರು ಮತ್ತೆ ಅರ್ಜಿ ಕೇಳುತ್ತಾರೆ. ತಂತಿಗೆ ತಾಗುವ ಕೊಂಬೆ ಕಡಿಯಿರಿ ಅಂದರೆ ಪಾಲಿಕೆಗೆ ಹೋಗಿ ಅನ್ನುತ್ತಾರೆ. ಪಾಲಿಕೆಯವರು ವಾಪಸ್ ಇಲ್ಲಿಗೇ ಕಳಿಸುತ್ತಾರೆ. ಇವರಿಗೆ ಸಂಬಳ ಯಾತಕ್ಕೆ?

2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದಲ್ಲಿ, ಕೆಲವು ಸೇವೆಗಳು ತಪ್ಪಿದರೆ ಪರಿಹಾರ ತಾನಾಗಿಯೇ ಸಿಗಬೇಕು ಅಂತಿದೆ. ಅದನ್ನು ಹೇಳಿದರೆ ಕೌಂಟರಿನಲ್ಲಿ ಮುಖ ತಿರುಗಿಸಿದರು.

ಮೇಲಧಿಕಾರಿಗಳು ಒಮ್ಮೆ ಸಂಜೆ ಹೊತ್ತು ನಿಟುವಳ್ಳಿಗೆ ಬರಲಿ. ಆ ಸಂಶೋಧಕರನ್ನೂ ಕರೆದುಕೊಂಡು ಬರಲಿ. ಸ್ಮಾರ್ಟ್ ಗ್ರಿಡ್ ಬೇಗ ತರಲಿ, ಅಲ್ಲಿಯವರೆಗೆ ಫೋನಾದರೂ ಎತ್ತಲಿ. ಕಂಬ ನೆಟ್ಟಗೆ ಮಾಡಲಿ. ನನ್ನ ಮೋಟರ್ ರೀವೈಂಡಿಂಗ್ ದುಡ್ಡು ಯಾರು ಕೊಡುತ್ತಾರೆ ಅಂತ ಮೊದಲು ಹೇಳಲಿ.

– ಒಬ್ಬ ಗಿರಣಿ ಮಾಲೀಕ, ನಿಟುವಳ್ಳಿ, ದಾವಣಗೆರೆ