ಆಮೆಗೆ ಬರೀ ಒಣಸೀಗಡಿ ಸಾಲದು

ಮಾನ್ಯ ಸಂಪಾದಕರೇ,

ಕಳೆದ ವರ್ಷ ಮೊಮ್ಮಗ ಅಕ್ವೇರಿಯಂ ಅಂಗಡಿಯೊಂದರಿಂದ ಕೆಂಪು ಕಿವಿಯ ಆಮೆಮರಿಯನ್ನು ತಂದ. ಐದು ರೂಪಾಯಿ ನಾಣ್ಯಕ್ಕಿಂತ ಕೊಂಚ ದೊಡ್ಡದು. ಜೊತೆಗೊಂದು ಡಬ್ಬಿ ಒಣಸೀಗಡಿ. ‘ದಿನಕ್ಕೆ ನಾಲ್ಕು ಹಾಕಿ, ಸಾಕು’ ಎಂಬ ಮಾತು. ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದ ನಾನೂ ನಂಬಿಬಿಟ್ಟೆ.

ಐದಾರು ತಿಂಗಳಲ್ಲಿ ಅದರ ಕಣ್ಣುಗಳು ಊದಿ ಮುಚ್ಚಿಕೊಂಡವು. ಚಿಪ್ಪು ಹೆಬ್ಬೆರಳಿಟ್ಟರೆ ಮೆತ್ತಗಾದ ಹಪ್ಪಳದಂತೆ ತಗ್ಗುತ್ತಿತ್ತು. ಕಣ್ಣಿಗೆ ‘ಎ’ ಜೀವಸತ್ವದ ಕೊರತೆ, ಚಿಪ್ಪಿಗೆ ಕ್ಯಾಲ್ಸಿಯಂ ಮತ್ತು ಬಿಸಿಲಿನ ಕೊರತೆ ಎಂದರು ಪಶುವೈದ್ಯರು. ತೊಟ್ಟಿ ಕಿಟಕಿಯ ಬಳಿಯೇ ಇತ್ತಲ್ಲ ಎಂದೆ. ಬೇಕಾದ ಅತಿನೇರಳೆ ಕಿರಣವನ್ನು ಆ ಗಾಜೇ ತಡೆಯುತ್ತದಂತೆ!

ಈಗ ಮುಳ್ಳುಸಹಿತ ಪುಟ್ಟ ಮೀನು, ಎರೆಹುಳು, ತುರಿದ ಕ್ಯಾರೆಟ್, ಸಿಹಿಗುಂಬಳ ಕೊಡುತ್ತೇವೆ. ಎಲ್ಲವೂ ನೀರಿಗೇ ಬೀಳಬೇಕು, ಹೊರಗೆ ಅದಕ್ಕೆ ನುಂಗಲಾಗದು. ಬೆಳೆದಂತೆ ಸೊಪ್ಪಿನ ಪಾಲು ಹೆಚ್ಚಬೇಕು; ಪಾಲಕ್ ಮಾತ್ರ ಬೇಡ, ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಮೈಗೆ ದಕ್ಕಗೊಡದು. ನಮ್ಮ ಯಜಮಾನರು ಪ್ರೀತಿಯಿಂದ ಹಾಕುತ್ತಿದ್ದ ಮೊಸರನ್ನವೂ ನಿಂತಿದೆ. ಒಂದು ಕಣ್ಣು ತೆರೆದಿದೆ, ಇನ್ನೊಂದಕ್ಕೆ ಕಾಯುತ್ತಿದ್ದೇವೆ.

ಮಾರುವವರು ಇಷ್ಟನ್ನು ಅರ್ಧ ಹಾಳೆಯಲ್ಲಿ ಕನ್ನಡದಲ್ಲೇ ಅಚ್ಚು ಹಾಕಿಸಿ ಕೊಡಬಾರದೇ? ಈ ಮರಿ ಊಟದ ತಟ್ಟೆಯಷ್ಟಾಗಬಹುದು, ಇಪ್ಪತ್ತು ಮೂವತ್ತು ವರ್ಷ ಬದುಕಬಹುದು ಎಂಬುದನ್ನೂ ಸೇರಿಸಲಿ. ತಿಳಿಯದೆ ಕೊಂಡವರು ಬೇಸತ್ತು ಕುಕ್ಕರಹಳ್ಳಿ ಕೆರೆಗೆ ಬಿಟ್ಟರೆ, ಅಮೆರಿಕ ಮೂಲದ ಈ ಪ್ರಾಣಿ ನಮ್ಮ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಕಲ್ಲನ್ನೂ ಕಸಿದುಕೊಳ್ಳುತ್ತದೆ. ಇದರ ಬದಲು ನಕ್ಷತ್ರ ಆಮೆ ತರೋಣವೇ ಎಂದ ಮೊಮ್ಮಗನಿಗೆ, ಅದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧವೆಂದು ತಿಳಿಸಿದ್ದೇನೆ.

– ನಿವೃತ್ತ ಶಿಕ್ಷಕಿ, ಕುವೆಂಪುನಗರ, ಮೈಸೂರು